ದಟ್ಟಣೆಯೋ, ದಾರಿ ಕಡಿದದ್ದೋ?

ಅಂತರಜಾಲದಲ್ಲಿ ಮಾಹಿತಿಯ ಪ್ಯಾಕೆಟ್‌ಗಳನ್ನು ತಪ್ಪದೆ ತಲುಪಿಸುವ ನಿಯಮ ಟಿಸಿಪಿ. ಅದರ ಕಥೆಯನ್ನು ನಾವು ಮಕ್ಕಳಿಗೆ ಹೀಗೆ ಹೇಳುತ್ತೇವೆ.

1986ರ ಅಕ್ಟೋಬರಿನಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ದಟ್ಟಣೆಯಿಂದ ಜಾಲದ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40ಕ್ಕೆ ಕುಸಿಯಿತು. 1988ರಲ್ಲಿ ವ್ಯಾನ್ ಜೇಕಬ್ಸನ್ ಪರಿಹಾರ ಪ್ರಕಟಿಸಿದರು: ಪ್ಯಾಕೆಟ್ ಕಳೆದರೆ ದಟ್ಟಣೆಯೆಂದು ತಿಳಿದು ನಿಧಾನಿಸಬೇಕು.

ತಂತಿಯ ಜಾಲಕ್ಕೆ ಇದು ಒಗ್ಗಿತು. ಆದರೆ ಗೋಪುರವಿಲ್ಲದೆ, ಓಡಾಡುವ ಸಾಧನಗಳೇ ಕೈಯಿಂದ ಕೈಗೆ ಮಾಹಿತಿ ದಾಟಿಸುವ ಅಡ್‌ಹಾಕ್ ಜಾಲದಲ್ಲಿ ನಡುವಿನ ಸಾಧನ ದೂರ ಸರಿದರೆ ದಾರಿಯೇ ಕಡಿಯುತ್ತದೆ. ಟಿಸಿಪಿ ಅದನ್ನೂ ದಟ್ಟಣೆಯೆಂದೇ ತಿಳಿದು, ಹೊಸ ದಾರಿ ಸಿಕ್ಕ ಮೇಲೂ ಸುಮ್ಮನೆ ಕಾಯುತ್ತದೆ. ಯುಡಿಪಿ ಕಾಯುವುದಿಲ್ಲ, ಕಳೆದದ್ದನ್ನು ಮತ್ತೆ ಕಳಿಸುವುದೂ ಇಲ್ಲ.

1999ರಲ್ಲಿ ಗ್ಯಾವಿನ್ ಹಾಲೆಂಡ್ ಮತ್ತು ನಿತಿನ್ ವೈದ್ಯ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ತೋರಿಸಿದರು: ಕೊಂಡಿ ಕಡಿದ ಸುದ್ದಿ ಕಳಿಸುವವರಿಗೆ ಮುಟ್ಟಿದರೆ ಟಿಸಿಪಿ ಚೇತರಿಸಿಕೊಳ್ಳುತ್ತದೆ. ನೆರೆಯಲ್ಲಿ ಗೋಪುರ ಉರುಳಿದಾಗ ನೆರವಿಗೆ ಬರಬಲ್ಲದ್ದು ಇಂಥ ಜಾಲವೇ.