ಕೆಎ 12ರ ಮನೆ

ನಮ್ಮಪ್ಪನ ಬಾಯಲ್ಲಿ ಮಡಿಕೇರಿಯ ಆ ಬಂಗಲೆಗೆ ಸನ್ನಿಸೈಡ್ ಎಂಬ ಹೆಸರೇ ಇರಲಿಲ್ಲ. ಅದು ಆರ್‌ಟಿಒ ಆಫೀಸು. ಬಾಡಿಗೆ ಜೀಪಿಗೆ ಎಫ್‌ಸಿ ಮಾಡಿಸಲು ಹೋಗುವಾಗ ನನ್ನನ್ನೂ ಕೂರಿಸಿಕೊಂಡು ಹೋಗುತ್ತಿದ್ದರು. ಕೊಡೆ ಮಡಚಿ ಗೋಡೆಗೆ ಒರಗಿಸಿ, ಕಾಗದಪತ್ರದ ಪ್ಲಾಸ್ಟಿಕ್ ಚೀಲ ಎದೆಗವಚಿ ನಿಲ್ಲುವುದು. ಮುಂದೆ ನಾನು ಎಲ್‌ಎಲ್‌ಆರ್‌ಗೆ ನಿಂತದ್ದೂ ಅಲ್ಲೇ. ಕೆಎ 12 ಎಂದು ಬರೆಸಿಕೊಂಡು ಓಡುವ ನಮ್ಮ ಕೊಡಗಿನ ಗಾಡಿಗಳ ಕಾಗದ ಹೊರಡುತ್ತಿದ್ದುದು ಜನರಲ್ ತಿಮ್ಮಯ್ಯನವರ ಮನೆಯಿಂದ ಎಂದು ನನಗೆ ಆಗ ಯಾರೂ ಹೇಳಲಿಲ್ಲ.

ಮಡಿಕೇರಿಗೆ ಇಂಥದ್ದು ಹೊಸದೇನಲ್ಲ. ಕೋಟೆಯೊಳಗಿನ ಅರಮನೆ ಸರ್ಕಾರಿ ಕಚೇರಿಯಾಯಿತು. 1933ರಲ್ಲಿ ಕಮಿಷನರ ಕಾರು ನಿಲ್ಲಲು ಅದಕ್ಕೊಂದು ಪೋರ್ಟಿಕೊ ಬಂತು. ವೀರಭದ್ರನ ಗುಡಿ ತೆಗೆದು ಅಲ್ಲಿ ಕಟ್ಟಿದ ಚರ್ಚು ಈಗ ವೀರಗಲ್ಲುಗಳ ಮ್ಯೂಸಿಯಂ.

ಸನ್ನಿಸೈಡಿನ ಮೂವರು ಗಂಡುಮಕ್ಕಳೂ ಸೈನ್ಯಕ್ಕೆ ಹೋದವರು. ಎರಡನೆಯ ಮಹಾಯುದ್ಧದಲ್ಲಿ ಅಣ್ಣ ಪೊನ್ನಪ್ಪ ಸುಭಾಷರ ಐಎನ್‌ಎ ಸೇರಿದರೆ, 1906ರಲ್ಲಿ ಹುಟ್ಟಿದ ತಿಮ್ಮಯ್ಯ, ಮನೆಯವರ ಪಾಲಿನ ದುಬ್ಬು, ಅದೇ ಯುದ್ಧದಲ್ಲಿ ಬ್ರಿಟಿಷರ ಸೈನ್ಯದ ಅಧಿಕಾರಿಯಾಗಿ ಬರ್ಮಾದ ಅರಕಾನಿನಲ್ಲಿದ್ದರು.

ನಾನು ಡ್ರೈವರನ ಮಗ. ನನಗೆ ಕಾಶ್ಮೀರ ಯುದ್ಧದ ಜೋಜಿಲಾ ಕಣಿವೆಯ ಕಥೆಯೇ ಹೆಚ್ಚು. ಲಡಾಖಿನ ದಾರಿಗೆ ಶತ್ರು ಅಡ್ಡ ಕೂತಿದ್ದ, ಕಾಲಾಳುಗಳ ದಾಳಿ ಫಲಿಸಿರಲಿಲ್ಲ. ತಿಮ್ಮಯ್ಯ ಸ್ಟುವರ್ಟ್ ಟ್ಯಾಂಕುಗಳ ತೋಪಿನ ಗೋಪುರ ಕಳಚಿಸಿ, ಗುಟ್ಟಾಗಿ ಶ್ರೀನಗರ ದಾಟಿಸಿ, 1948ರ ನವೆಂಬರ್ 1ರಂದು ಹನ್ನೊಂದು ಸಾವಿರ ಅಡಿಗೂ ಮೇಲಿನ ಹಿಮದ ಕಣಿವೆಗೆ ನುಗ್ಗಿಸಿದರು. ಅಷ್ಟು ಎತ್ತರದಲ್ಲಿ ಅದುವರೆಗೆ ಯಾರೂ ಟ್ಯಾಂಕಿನಲ್ಲಿ ಯುದ್ಧ ಮಾಡಿರಲಿಲ್ಲ. ಆಟಿ ತಿಂಗಳಲ್ಲಿ ಸಂಪಾಜೆ ಘಾಟಿಗೆ ಲೋಡು ಜೀಪು ಹತ್ತಿಸಿದವರಿಗೆ ಇದರ ಬೆಲೆ ಗೊತ್ತು.

1957ರಿಂದ 61ರವರೆಗೆ ಅವರು ಭೂಸೇನೆಯ ಮುಖ್ಯಸ್ಥರು. 1965ರ ಡಿಸೆಂಬರಿನಲ್ಲಿ ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಡೆಯನ್ನು ನಡೆಸುತ್ತಿದ್ದಾಗಲೇ ತೀರಿಕೊಂಡರು.

ಆರ್‌ಟಿಒ ಬೇರೆ ಕಡೆಗೆ ಹೋಯಿತು, ಮನೆ ದುರಸ್ತಿಯಾಯಿತು. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಅಲ್ಲಿ ತಿಮ್ಮಯ್ಯನವರ ಮ್ಯೂಸಿಯಂ ಉದ್ಘಾಟಿಸಿದರು. ಜೀಪುಗಳು ಬರುತ್ತಿದ್ದ ಆವರಣದಲ್ಲಿ ಈಗ ಯುದ್ಧಟ್ಯಾಂಕು ನಿಂತಿದೆ. ಅದರ ಎಫ್‌ಸಿ ಕೇಳುವವರಿಲ್ಲ!

ಜನರಲ್ಲರ ಮನೆ ಜನರಲ್ಲರಿಗೇ ಸಲ್ಲಬೇಕು, ತಕರಾರಿಲ್ಲ. ಆದರೆ ಕೊಡಗಿನ ಸಾಮಾನ್ಯರು ಆ ಮೆಟ್ಟಿಲು ಹತ್ತಿದ್ದು ಸರದಿಯಲ್ಲಿ ನಿಲ್ಲಲು. ಒಂದು ಮೂಲೆಯಲ್ಲಿ ಕೆಎ 12ರ ಹಳೆಯ ನಂಬರ್ ಪ್ಲೇಟು, ಒಂದು ಬೆಂಚು ಇರಲಿ. ನಿಮ್ಮ ಅಟ್ಟದಲ್ಲಿ ಅಪ್ಪನ ಕಾಲದ ಲೈಸೆನ್ಸ್ ಪುಸ್ತಕವಿದ್ದರೆ ದಯವಿಟ್ಟು ಗುಜರಿಗೆ ಹಾಕಬೇಡಿ.