ಕಳ್ಳರನ್ನು ಬರೆದವರು

ಕನ್ನಡದಲ್ಲಿ ಅವರಿಗೆ ‘ತಂತಿ ಕಳ್ಳರು’ ಎಂಬ ಹೆಸರಿತ್ತು. ದಾರಿಹೋಕರ ಗೆಳೆತನ ಬೆಳೆಸಿ, ಒಂದೆರಡು ದಿನ ಜೊತೆಯಲ್ಲೇ ನಡೆದು, ಜನ ಸುಳಿಯದ ಜಾಗ ಸಿಕ್ಕಾಗ ಕೊರಳಿಗೆ ಉರುಲು ಬಿಗಿದು ಕೊಂದು, ಹೆಣ ಹೂತು, ಗಂಟು ಹಂಚಿಕೊಂಡು ಹೋಗುವವರು. ತಮಿಳರೂ ತೆಲುಗರೂ ತಮ್ಮ ತಮ್ಮ ಮಾತಿನಲ್ಲಿ ಬೇರೆ ಹೆಸರಿಟ್ಟಿದ್ದರು. ಫಾಂಸಿಗಾರರು ಎಂದೂ ಕರೆಯುತ್ತಿದ್ದರು. ಉತ್ತರದ ‘ಠಗ್ಗ’ ಎಂಬ ಹೆಸರು ಮುಂದೆ ಇಂಗ್ಲಿಷಿಗೂ ಹೋಗಿ ಅಲ್ಲಿನ ನಿಘಂಟಿನಲ್ಲಿ ಶಾಶ್ವತವಾಗಿ ನೆಲೆಸಿತು.

‘ತಂತಿ ಕಳ್ಳರು’ ಎಂಬ ಹೆಸರನ್ನು ಅಚ್ಚಿನಲ್ಲಿ ಉಳಿಸಿಕೊಟ್ಟವನು ರಿಚರ್ಡ್ ಶೆರ್ವುಡ್. ಮದರಾಸಿನ ಸೇಂಟ್ ಜಾರ್ಜ್ ಕೋಟೆಯಲ್ಲಿದ್ದ ವೈದ್ಯ. ಫಾಂಸಿಗಾರರ ಮೇಲೆ ಅವನು ಬರೆದ ಲೇಖನ 1816ರಲ್ಲಿ ಮದರಾಸಿನಲ್ಲಿ ಪ್ರಕಟವಾಯಿತು. 1820ರಲ್ಲಿ ಕಲ್ಕತ್ತೆಯ ‘ಏಷಿಯಾಟಿಕ್ ರಿಸರ್ಚಸ್’ ಸಂಪುಟದಲ್ಲಿ ಮತ್ತೆ ಬಂತು. ಭಾರತದಲ್ಲಿ ಅಪರಾಧವನ್ನು ವಿದ್ವತ್ತಿನ ವಿಷಯವಾಗಿ ಎತ್ತಿಕೊಂಡ ಮೊದಮೊದಲ ಬರಹಗಳಲ್ಲಿ ಅದೊಂದು. ಅದರ ಕತೆ ಶುರುವಾಗುವುದು ನಮ್ಮ ನೆಲದಲ್ಲೇ.

ಮೈಸೂರಿನ ಹೂಟಗಳ್ಳಿಯ ಸಿಗ್ನಲ್ಲಿನಲ್ಲಿ ಇಂದು ನಿಂತವರಿಗೆ ಕಾಣುವುದು ಕಾರ್ಖಾನೆಗೆ ಹೊರಟ ಬಸ್ಸುಗಳು, ಹೌಸಿಂಗ್ ಬೋರ್ಡ್ ಕಾಲನಿಯ ಕಡೆ ತಿರುಗುವ ಆಟೋಗಳು, ಹುಣಸೂರಿನತ್ತ ಓಡುವ ಲಾರಿಗಳು. ಅದೇ ರಸ್ತೆಯಲ್ಲಿ ಪಶ್ಚಿಮಕ್ಕೆ ಸ್ವಲ್ಪ ದೂರ ಹೋದರೆ ಇಲವಾಲ. ಈಸ್ಟ್ ಇಂಡಿಯಾ ಕಂಪನಿಯ ರೆಸಿಡೆಂಟರಿಗೆ ಅಲ್ಲೊಂದು ದೊಡ್ಡ ಬಂಗಲೆಯಿತ್ತು. ಈ ಕಡೆ ರಿಂಗ್ ರಸ್ತೆ ಹಿಡಿದರೆ ಒಂದು ಗಂಟೆಯೊಳಗೆ ಶ್ರೀರಂಗಪಟ್ಟಣದ ಕೋಟೆ ಬಾಗಿಲು. 1799ರ ಮೇ 4ರಂದು ಆ ಕೋಟೆ ಬಿತ್ತು, ಟಿಪ್ಪು ಸತ್ತ. ಸುಲ್ತಾನನ ಸಂಬಳ ನಂಬಿದ್ದ ಸಾವಿರಾರು ಸಿಪಾಯಿಗಳು ಒಂದೇ ದಿನದಲ್ಲಿ ಬೀದಿಪಾಲಾದರು. ಅದಾದ ಸ್ವಲ್ಪ ಕಾಲಕ್ಕೆ ಬೆಂಗಳೂರಿನ ಸುತ್ತಮುತ್ತ ಸುಮಾರು ನೂರು ಮಂದಿ ಫಾಂಸಿಗಾರರು ಸೆರೆ ಸಿಕ್ಕರು, ಇಂಥವರಿದ್ದಾರೆಂದು ಇಂಗ್ಲಿಷರಿಗೆ ತಿಳಿದದ್ದೇ ಆಗ ಎಂದು ಶೆರ್ವುಡ್ ಬರೆಯುತ್ತಾನೆ. ಆಗ ಯಾರೂ ಅದನ್ನು ಅಷ್ಟಾಗಿ ಲಕ್ಷ್ಯಕ್ಕೆ ತಂದುಕೊಳ್ಳಲಿಲ್ಲ. 1807ರಲ್ಲಿ ಚಿತ್ತೂರಿಗೂ ಆರ್ಕಾಟಿಗೂ ನಡುವೆ, ತಿರುವಾಂಕೂರಿನಿಂದ ದೋಚಿಕೊಂಡು ಮರಳುತ್ತಿದ್ದ ಇನ್ನೊಂದು ಗುಂಪು ಸಿಕ್ಕಿಬಿದ್ದ ಮೇಲೆ ವಿಚಾರಣೆ ಜೋರಾಯಿತು.

ಶೆರ್ವುಡ್ ಹೇಳುವ ಇನ್ನೊಂದು ಮಾತು ಗಮನಿಸಬೇಕಾದ್ದು. ಹೈದರಾಲಿ ಇವರನ್ನು ಹೆಚ್ಚು ವಿಚಾರಣೆಯಿಲ್ಲದೆ ಮುಗಿಸಿದ. ಟಿಪ್ಪುವಿನ ಕಾಲದಲ್ಲಿ ಕೆಲವರಿಗೆ ಕಠಿಣ ದುಡಿಮೆಯ ಶಿಕ್ಷೆ, ಕೆಲವರಿಗೆ ಅಂಗಚ್ಛೇದ. ಮುಮ್ಮಡಿ ಕೃಷ್ಣರಾಜ ಒಡೆಯರು ಬಾಲಕರಾಗಿದ್ದಾಗ ದಿವಾನ್ ಪೂರ್ಣಯ್ಯನವರು ಹೆದ್ದಾರಿ ದರೋಡೆಗೆ ಮರಣದಂಡನೆ ಗೊತ್ತುಮಾಡಿದರು. ಶಿಕ್ಷೆಗಳು ಕ್ರೂರವಾಗಿದ್ದವು, ಅದರಲ್ಲಿ ಎರಡು ಮಾತಿಲ್ಲ. ಆದರೂ ಆ ಮೂರೂ ಆಳ್ವಿಕೆಗಳು ದಂಡಿಸಿದ್ದು ಒಂದು ಕೃತ್ಯವನ್ನು, ಅದನ್ನು ಮಾಡಿದವರನ್ನು. ಹುಟ್ಟನ್ನೇ ಅಪರಾಧ ಮಾಡುವ ವಿದ್ಯೆ ಇನ್ನೂ ಬಂದಿರಲಿಲ್ಲ. ಅದು ಬಂದದ್ದು ಲೇಖನಿ ಹಿಡಿದವರ ಮೂಲಕ.

ಕಂಪನಿಯ ಅಧಿಕಾರಿ ವಿಲಿಯಂ ಸ್ಲೀಮನ್ ಮಧ್ಯ ಭಾರತದಲ್ಲಿ 1830ರ ಹೊತ್ತಿಗೆ ಠಗ್ಗರ ಬೇಟೆ ಆರಂಭಿಸಿದ. ಸಿಕ್ಕವರಲ್ಲಿ ಕೆಲವರನ್ನು ಮಾಫಿ ಸಾಕ್ಷಿಗಳಾಗಿ ಮಾಡಿಕೊಂಡು, ಅವರ ಬಾಯಿಂದ ಉಳಿದವರ ಹೆಸರು ಬಿಡಿಸುವುದು ಅವನ ಕ್ರಮ. ಪ್ರಾಣ ಉಳಿಯಬೇಕಾದರೆ ಕತೆ ಹೇಳಬೇಕು. ಕತೆ ದೊಡ್ಡದಾದಷ್ಟೂ ಪ್ರಾಣ ಭದ್ರ. ಹೀಗೆ ಕೂಡಿಬಂದ ಮಾತುಗಳಿಂದಲೇ ಅವನು ಠಗ್ಗರ ಗುಪ್ತಭಾಷೆಯ ಪದಕೋಶವೊಂದನ್ನು ಕಟ್ಟಿ 1836ರಲ್ಲಿ ‘ರಾಮಸೀಯಾನ’ ಎಂದು ಪ್ರಕಟಿಸಿದ. ಅದೇ ವರ್ಷ ಬಂದ 30ನೆಯ ಕಾಯಿದೆ ಹೇಳಿದ್ದಿಷ್ಟು: ಹಿಂದೆಯಾಗಲಿ ಮುಂದೆಯಾಗಲಿ ಒಬ್ಬ ಠಗ್ಗರ ಗುಂಪಿಗೆ ಸೇರಿದ್ದನೆಂದು ರುಜುವಾತಾದರೆ ಸಾಕು, ಜೀವಾವಧಿ ಕಠಿಣ ಸಜೆ. ಅವನು ಯಾರನ್ನು, ಎಲ್ಲಿ, ಯಾವಾಗ ಕೊಂದ ಎಂದು ತೋರಿಸಬೇಕಾಗಿರಲಿಲ್ಲ.

ಈ ಕತೆಯನ್ನು ಲೋಕಕ್ಕೆಲ್ಲ ಹಂಚಿದ ಲೇಖಕನಿಗೂ ಕರ್ನಾಟಕಕ್ಕೂ ಗಾಢವಾದ ನಂಟು. ಫಿಲಿಪ್ ಮೆಡೋಸ್ ಟೇಲರ್ ಹದಿನಾರು ತುಂಬುವ ಮೊದಲೇ ಲಿವರ್‌ಪೂಲಿನಿಂದ ಬಂದು ಹೈದರಾಬಾದ್ ನಿಜಾಮರ ಸೇನೆ ಸೇರಿದವನು. ತುಳಜಾಪುರದ ಕಡೆ ಅಧಿಕಾರದಲ್ಲಿದ್ದಾಗ ದಾರಿಬದಿಯಲ್ಲಿ ಸಿಗುತ್ತಿದ್ದ ಹೆಣಗಳ ಜಾಡು ಹಿಡಿದಿದ್ದ. ಅಷ್ಟರಲ್ಲಿ ಅವನನ್ನು ಮತ್ತೆ ದಂಡಿಗೆ ಕರೆಸಿಕೊಂಡರು. ಅಲ್ಲೇ ಉಳಿದಿದ್ದರೆ ಠಗ್ಗರ ರಹಸ್ಯ ಬಯಲಿಗೆಳೆದ ಹೆಸರು ತನ್ನದಾಗುತ್ತಿತ್ತು ಎಂಬ ಕೊರಗು ಅವನನ್ನು ಬಿಡಲಿಲ್ಲ. 1839ರಲ್ಲಿ ಬಂದ ಅವನ ‘ಕನ್ಫೆಷನ್ಸ್ ಆಫ್ ಎ ಠಗ್’ ಕಾದಂಬರಿಯನ್ನು ವಿಕ್ಟೋರಿಯಾ ರಾಣಿಯೂ ಆತುರದಿಂದ ಓದಿದಳು. ಅದರ ನಾಯಕ ಅಮೀರ್ ಅಲಿಯ ಲೆಕ್ಕದಲ್ಲಿ ಕೊಲೆಗಳು 719. ಸೆರೆಯಲ್ಲಿ ಕೂತು ಅಧಿಕಾರಿಯ ಮುಂದೆ ಹೇಳಿದ ಆ ಸಂಖ್ಯೆಯನ್ನು ಯೂರೋಪಿನ ಓದುಗರು ನಂಬಿ ಬೆಚ್ಚಿದರು.

ಅದೇ ಟೇಲರ್ 1841ರಿಂದ 1853ರವರೆಗೆ ಸುರಪುರದಲ್ಲಿ ರಾಜಕೀಯ ಏಜೆಂಟ. ಬಾಲಕ ವೆಂಕಟಪ್ಪ ನಾಯಕನ ಸಂಸ್ಥಾನವನ್ನು ನೋಡಿಕೊಂಡ, ಸುತ್ತಲಿನ ಬೃಹತ್ ಶಿಲಾ ಗೋರಿಗಳನ್ನು ಅಗೆದು ಟಿಪ್ಪಣಿ ಬರೆದ, ಬೆಟ್ಟದ ಮೇಲೆ ಬಂಗಲೆ ಕಟ್ಟಿಸಿದ. ‘ಟೇಲರ್ ಮಂಜಿಲ್’ ಎಂಬ ಹೆಸರು ಇಂದಿಗೂ ಸುರಪುರದವರ ಬಾಯಲ್ಲಿದೆ. ಬೇಡರ ನಾಡಿನಲ್ಲಿ ಹನ್ನೆರಡು ವರ್ಷ ಬಾಳಿದ ಟೇಲರ್ ಅಲ್ಲಿನ ಜನರನ್ನು ಮೆಚ್ಚಿದ್ದ. ಇಡೀ ಕುಲಕ್ಕೆ ಕಳ್ಳರ ಹಣೆಪಟ್ಟಿ ಅಂಟಿಸಬಾರದೆಂದು ಹೇಳಬಲ್ಲ ಅನುಭವ ಅವನಿಗಿತ್ತು. ಲೋಕ ನೆನಪಿಟ್ಟುಕೊಂಡಿದ್ದು ಕಾದಂಬರಿಯನ್ನು ಮಾತ್ರ.

1871ರಲ್ಲಿ ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂತು. ಐದು ವರ್ಷಕ್ಕೆ, 1876ರಲ್ಲಿ, ಇಟಲಿಯ ಚೆಸಾರೆ ಲೊಂಬ್ರೋಸೊ ‘ಹುಟ್ಟು ಅಪರಾಧಿ’ಯ ತಲೆಬುರುಡೆ, ದವಡೆ, ಕಿವಿಗಳ ಆಕಾರ ಹೀಗಿರುತ್ತದೆಂದು ಪುಸ್ತಕ ಬರೆದ. ಇಟಲಿಯಲ್ಲಿ ಮೂಳೆ ಹೇಳಿದ ಮಾತನ್ನು ಇಲ್ಲಿ ಜಾತಿ ಹೇಳಿತು. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರ, ಅಂದ ಮೇಲೆ ಕಳ್ಳನ ಮಗ ಕಳ್ಳ: ಅಧಿಕಾರಿಗಳ ತರ್ಕ ಇಷ್ಟೇ. ಸರ್ಕಾರ ಒಂದು ಪಂಗಡವನ್ನು ಪಟ್ಟಿಗೆ ಸೇರಿಸಿದರೆ ಕೋರ್ಟಿಗೆ ಹೋಗಿ ಕೇಳುವ ಹಾಗಿರಲಿಲ್ಲ. ಮೊದಲು ಉತ್ತರದಲ್ಲಿ ಜಾರಿಯಾದ ಈ ಕಾನೂನು 1911ರ ಹೊಸ ರೂಪದಲ್ಲಿ ಮದರಾಸು, ಮುಂಬಯಿ ಪ್ರಾಂತಗಳನ್ನೂ ಆವರಿಸಿತು. ಆ ಹೊತ್ತಿಗೆ ಅಧಿಕಾರಿಗಳ ಕಪಾಟು ಪುಸ್ತಕಗಳಿಂದ ತುಂಬಿತ್ತು. ಮದರಾಸಿನ ಮಲ್ಲಾಲಿ 1892ರಲ್ಲಿ, ಮುಂಬಯಿಯ ಮೈಕೇಲ್ ಕೆನೆಡಿ 1908ರಲ್ಲಿ ‘ಅಪರಾಧಿ ವರ್ಗ’ಗಳ ಕೈಪಿಡಿ ಬರೆದರು. ಮದರಾಸು ಮ್ಯೂಸಿಯಮ್ಮಿನ ಎಡ್ಗರ್ ಥರ್ಸ್ಟನ್ ಊರೂರು ತಿರುಗಿ ಜನರ ಮೂಗು, ತಲೆ ಅಳೆದ.

ಆ ಪಟ್ಟಿಗೆ ಬಿದ್ದವರು ಯಾರು ಎಂದು ನೋಡಿದರೆ ಹೊಟ್ಟೆ ತೊಳಸುತ್ತದೆ. ಕೊರಚರು, ಕೊರಮರು ಎತ್ತು, ಕತ್ತೆಗಳ ಮೇಲೆ ಕರಾವಳಿಯ ಉಪ್ಪು ಹೇರಿಕೊಂಡು ಒಳನಾಡಿಗೆ ತಂದು, ದವಸಕ್ಕೆ ಬದಲು ಮಾಡಿಕೊಂಡು ಹೋಗುತ್ತಿದ್ದವರು. ಸರ್ಕಾರ ಉಪ್ಪಿನ ಮೇಲೆ ಹಿಡಿತ ಬಿಗಿಗೊಳಿಸಿತು, ರೈಲು ಬಂತು, ಕಾಡಿನ ಹುಲ್ಲುಗಾವಲಿಗೆ ಬೇಲಿ ಬಿತ್ತು, ಕಸುಬು ಹೋಯಿತು. ಕಸುಬಿಲ್ಲದೆ ಅಲೆಯುವವನು ಪೊಲೀಸನ ಕಣ್ಣಿಗೆ ಕಳ್ಳ. ಇತಿಹಾಸಕಾರ್ತಿ ಮೀನಾ ರಾಧಾಕೃಷ್ಣ 2001ರಲ್ಲಿ ಪ್ರಕಟಿಸಿದ ತಮ್ಮ ಪುಸ್ತಕದಲ್ಲಿ ಈ ಬದಲಾವಣೆಯನ್ನು ದಾಖಲೆಗಳಿಂದಲೇ ತೋರಿಸಿದ್ದಾರೆ. ಲಂಬಾಣಿಗರ ಪಾಡೂ ಅದೇ. ಶ್ರೀರಂಗಪಟ್ಟಣದ ಮೇಲೆ 1792ರಲ್ಲಿ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೇನೆಗೆ ಸಾವಿರಾರು ಎತ್ತುಗಳ ಮೇಲೆ ಧಾನ್ಯ ಹೊತ್ತು ತಂದವರು ಅವರು. ಕಂಪನಿಯ ಸಿಪಾಯಿಗೆ ಅನ್ನ ಮುಟ್ಟಿಸಿದ ಜನರ ಮೊಮ್ಮಕ್ಕಳನ್ನು ಅದೇ ಆಳ್ವಿಕೆ ಕೆಲವು ಪ್ರಾಂತಗಳಲ್ಲಿ ಅಪರಾಧಿ ಕುಲವೆಂದು ಬರೆದುಕೊಂಡಿತು.

ಇಲ್ಲೊಂದು ಮಾತು ಹೇಳಲೇಬೇಕು. ಕಣಿ ಹೇಳುವ, ಹಚ್ಚೆ ಹಾಕುವ ಕೊರವಂಜಿ ಈ ಕೊರಮರ ಹೆಣ್ಣೇ. ಅವಳನ್ನು ಕನ್ನಡಿಗರು ಆಟದಲ್ಲಿ, ಹಾಡಿನಲ್ಲಿ ಪ್ರೀತಿಯಿಂದ ಬರಮಾಡಿಕೊಂಡರು. 1942ರಲ್ಲಿ ಡಾ. ಎಂ. ಶಿವರಾಂ ತಮ್ಮ ಹಾಸ್ಯಪತ್ರಿಕೆಗೆ ಅವಳ ಹೆಸರನ್ನೇ ಇಟ್ಟರು. ಆ ವರ್ಷ ಅವಳ ಬಳಗದ ಎಷ್ಟೋ ಜನ ಪೊಲೀಸ್ ಠಾಣೆಯಲ್ಲಿ ಹಾಜರಿ ಹಾಕುತ್ತಿದ್ದರು.

ಮುಂಬಯಿ ಕರ್ನಾಟಕದಲ್ಲಿ ಈ ಕಾಯಿದೆ ಬೇಲಿಯ ರೂಪ ತಾಳಿತು. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ವಿಜಯಪುರದಲ್ಲಿ ಆರಂಭಿಸಿದ ವಸಾಹತುಗಳು ಹುಬ್ಬಳ್ಳಿ, ಗದಗಗಳಿಗೂ ಹಬ್ಬಿದವು. ಛಪ್ಪರಬಂದರು, ಘಂಟಿಚೋರರು, ಕೊರಮರು ಮೊದಲಾದವರನ್ನು ಕೂಡಿಹಾಕಿ, ಗಂಡಸರು ಹೆಂಗಸರೆನ್ನದೆ ಗಿರಣಿಯ ಕೆಲಸಕ್ಕೆ ಹಚ್ಚಿದರು. ಹೊರಗೆ ಹೋಗಲು ಪಾಸು, ರಾತ್ರಿ ಹಾಜರಿ. ಸ್ಟಾರ್ಟನಿಗೆ ಶಾಲೆ, ಸಹಕಾರ ಸಂಘಗಳ ಮೇಲೆ ನಿಜವಾದ ಕಾಳಜಿಯಿತ್ತು, ಅದನ್ನು ಅಲ್ಲಗಳೆಯಬಾರದು. ಆದರೆ ತಪ್ಪು ಮಾಡದವನನ್ನು ಸುಧಾರಿಸಲು ಬೇಲಿಯೊಳಗೆ ಇಟ್ಟ ಮೇಲೆ ಆ ಕಾಳಜಿಗೆ ಬೆಲೆಯೇನು? ಹುಬ್ಬಳ್ಳಿಯಲ್ಲೂ ಗದಗ-ಬೆಟಗೇರಿಯಲ್ಲೂ ಆ ಬಡಾವಣೆಗಳಿಗೆ ಜನ ಇವತ್ತಿಗೂ ‘ಸೆಟ್ಲಮೆಂಟ್’ ಎಂದೇ ಹೇಳುತ್ತಾರೆ.

ಮೈಸೂರು ಸಂಸ್ಥಾನದಲ್ಲಿ ಬರವಣಿಗೆ ಸ್ವಲ್ಪ ಬೇರೆ ದಾರಿ ಹಿಡಿಯಿತು. ಕನ್ನಡ ಸಾಹಿತ್ಯ ಪರಿಷತ್ತಿನ ಮೊದಲ ಅಧ್ಯಕ್ಷರೂ 1916ರಲ್ಲಿ ಹುಟ್ಟಿದ ಮೈಸೂರು ವಿಶ್ವವಿದ್ಯಾಲಯದ ಮೊದಲ ಕುಲಪತಿಗಳೂ ಆಗಿದ್ದ ಎಚ್.ವಿ. ನಂಜುಂಡಯ್ಯನವರು ಸಂಸ್ಥಾನದ ಜನಾಂಗಗಳ ಸಮೀಕ್ಷೆ ನಡೆಸಿದ್ದರು. ಅವರು ತೀರಿಕೊಂಡ ಮೇಲೆ ಎಲ್.ಕೆ. ಅನಂತಕೃಷ್ಣ ಅಯ್ಯರ್ ಅದನ್ನು ಪೂರೈಸಿದರು, ವಿಶ್ವವಿದ್ಯಾಲಯ 1928ರಿಂದ 1935ರವರೆಗೆ ನಾಲ್ಕು ಸಂಪುಟ ಹೊರತಂದಿತು. ಅದೇ ವಿಶ್ವವಿದ್ಯಾಲಯದ ಮಹಾರಾಜ ಕಾಲೇಜಿನಲ್ಲಿ ಓದಿದ ಎಂ.ಎನ್. ಶ್ರೀನಿವಾಸ್ ಆಕ್ಸ್‌ಫರ್ಡಿನಿಂದ ಮರಳಿ 1948ರಲ್ಲಿ ಮೈಸೂರು ಸೀಮೆಯ ಹಳ್ಳಿಯೊಂದರಲ್ಲಿ ಬಿಡಾರ ಹೂಡಿದರು. ಹಳ್ಳಿಯ ಜಗಳಗಳನ್ನು, ಪಂಚಾಯಿತಿ ತೀರ್ಮಾನಗಳನ್ನು ಅವರು ಕೂತು ಕೇಳಿ ಬರೆದುಕೊಂಡರು. ಮಡಿವಾಳರ ನಡುವಿನ ಒಂದು ವ್ಯಾಜ್ಯದ ಮೇಲೆ 1954ರಲ್ಲಿ ಲೇಖನ ಪ್ರಕಟಿಸಿದರು. ಕೈಪಿಡಿ ಬರೆದ ಅಧಿಕಾರಿ ಠಾಣೆಯಿಂದ ಜನರನ್ನು ನೋಡಿದ್ದ. ಶ್ರೀನಿವಾಸ್ ಜಗುಲಿಯಿಂದ ನೋಡಿದರು. ಕೂತ ಜಾಗ ಬದಲಾಗಿದ್ದಕ್ಕೆ ಕಂಡದ್ದೂ ಬದಲಾಯಿತು.

ಠಗ್ಗರ ಕಡತಗಳನ್ನು ಮತ್ತೆ ಬಿಚ್ಚಿದವರು ನಮ್ಮ ಕಾಲದ ವಿದ್ವಾಂಸರು. 1998ರಲ್ಲಿ ರಾಧಿಕಾ ಸಿಂಘ ಕಂಪನಿ ಕಾಲದ ಕಾನೂನಿನ ಚರಿತ್ರೆ ಬರೆದರು. 2007ರಲ್ಲಿ ಕಿಮ್ ವ್ಯಾಗ್ನರ್ ಠಗ್ಗರ ಮೇಲಿನ ಪುಸ್ತಕದಲ್ಲಿ, ಕೊಲೆಗಳು ನಡೆದದ್ದು ನಿಜ, ಕಾಳಿಗೆ ನರಬಲಿ ಕೊಡುವ ರಹಸ್ಯ ಪಂಥವೆಂಬುದು ಮಾತ್ರ ಕಟ್ಟಿದ ಕತೆ ಎಂದು ವಾದಿಸಿದರು. ಕೆಲಸ ಕಳೆದುಕೊಂಡ ಸಿಪಾಯಿ, ಬೆಳೆ ಕೈಕೊಟ್ಟ ರೈತ, ಪಾಲು ಪಡೆಯುವ ಜಮೀನ್ದಾರ ಇದ್ದ ಲೋಕ ಅದು. ವ್ಯಾಗ್ನರ್ ಅಲ್ಲಿಗೆ ನಿಲ್ಲಲಿಲ್ಲ. 2019ರಲ್ಲಿ ಅಮೃತಸರದ ಜಲಿಯನ್‌ವಾಲಾ ಬಾಗ್, 2024ರಲ್ಲಿ ಫಿಲಿಪ್ಪೀನ್ಸಿನ ಬುಡ್ ದಾಜೊ ಬೆಟ್ಟದ ಮೇಲೆ 1906ರಲ್ಲಿ ಅಮೆರಿಕದ ಸೈನಿಕರು ನಡೆಸಿದ ಮಾರಣಹೋಮ ಅವರ ಪುಸ್ತಕಗಳ ವಸ್ತುವಾದವು. ಆಳುವವರು ಯಾರನ್ನು ಕ್ರೂರರೆಂದು ಬರೆದರು ಎಂದು ಹುಡುಕಲು ಹೊರಟ ವಿದ್ವಾಂಸ, ಬರೆದವರ ಕ್ರೌರ್ಯದ ಲೆಕ್ಕ ತೆಗೆಯುವಲ್ಲಿಗೆ ಬಂದು ತಲುಪಿದರು. ಅಪರಾಧದ ಅಧ್ಯಯನಕ್ಕೆ ಇದು ಬಹಳ ಹಿಂದೆಯೇ ಸಲ್ಲಬೇಕಾಗಿದ್ದ ದಿಕ್ಕು.

1952ರ ಆಗಸ್ಟ್ 31ರಂದು ಅಪರಾಧಿ ಬುಡಕಟ್ಟುಗಳ ಕಾಯಿದೆ ರದ್ದಾಯಿತು. ಪಟ್ಟಿಯಲ್ಲಿದ್ದವರು ‘ವಿಮುಕ್ತ’ರಾದರು. ಹಣೆಪಟ್ಟಿ ಅಷ್ಟು ಬೇಗ ಕಳಚಲಿಲ್ಲ. ರಾಜ್ಯಗಳು ರೂಢಿಗತ ಅಪರಾಧಿಗಳ ಕಾಯಿದೆಗಳನ್ನು ತಂದವು, ನಮ್ಮಲ್ಲಿ 1961ರಲ್ಲಿ. 1998ರಲ್ಲಿ ಬಂಗಾಳದ ಪುರುಲಿಯಾದಲ್ಲಿ ಬುಧನ್ ಶಬರ ಎಂಬ ಯುವಕ ಪೊಲೀಸ್ ವಶದಲ್ಲಿ ಸತ್ತಾಗ ಲೇಖಕರಾದ ಮಹಾಶ್ವೇತಾ ದೇವಿ, ಲಕ್ಷ್ಮಣ ಗಾಯಕವಾಡ್, ಗಣೇಶ ದೇವಿ ಸೇರಿ ವಿಮುಕ್ತರ ಹಕ್ಕಿಗಾಗಿ ಸಂಘಟನೆ ಕಟ್ಟಿದರು. ಗಣೇಶ ದೇವಿಯವರು ಮುಂದೆ, ಧಾರವಾಡದಲ್ಲಿ ಸಂಶೋಧಕ ಎಂ.ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಗುಂಡಿಗೆ ಬಲಿಯಾದ ಮೇಲೆ, ಆ ಊರಿಗೇ ಬಂದು ನೆಲೆಸಿದರು. ಪತ್ರಕರ್ತೆ ಸುಕನ್ಯಾ ಶಾಂತಾ ಹೂಡಿದ ದಾವೆಯಲ್ಲಿ 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್, ಜೈಲುಗಳಲ್ಲಿ ಜಾತಿ ನೋಡಿ ಕೆಲಸ ಹಂಚುವ ನಿಯಮಗಳನ್ನೂ ವಿಮುಕ್ತ ಬುಡಕಟ್ಟಿನವರನ್ನು ಹುಟ್ಟಿನಿಂದ ರೂಢಿಗತ ಅಪರಾಧಿಗಳೆಂದು ಕಾಣುವುದನ್ನೂ ಸಂವಿಧಾನಬಾಹಿರವೆಂದು ಸಾರಿತು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಅಪರಾಧಶಾಸ್ತ್ರ ವಿಭಾಗವಿದೆ. ಹುಬ್ಬಳ್ಳಿಯ ಸೆಟ್ಲಮೆಂಟ್ ಅಲ್ಲಿಂದ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಬೇಲಿಯೊಳಗೆ ಹುಟ್ಟಿದ ಕೊನೆಯ ತಲೆಮಾರಿಗೆ ಈಗ ಎಪ್ಪತ್ತು ದಾಟಿದೆ. ಅಪರಾಧಶಾಸ್ತ್ರ ಓದುವ ಮಕ್ಕಳು ಒಂದು ರಜೆಯಲ್ಲಾದರೂ ರೆಕಾರ್ಡರ್ ಹಿಡಿದು ಅಲ್ಲಿಗೆ ಹೋಗಲಿ. ಆ ಅಜ್ಜ ಅಜ್ಜಿಯರು ಹೇಳುವುದನ್ನು ಅವರದೇ ಮಾತಿನಲ್ಲಿ ಬರೆದುಕೊಳ್ಳಲಿ.