ರೇಂಜರ್: ಎಲ್ಲರ ಅಹವಾಲು ಕೇಳಿದ ಆಯೋಗ

ಆಸ್ಟ್ರೇಲಿಯದ ಉತ್ತರ ಭಾಗದಲ್ಲಿ, ಡಾರ್ವಿನ್ ನಗರದಿಂದ ಪೂರ್ವಕ್ಕೆ ಸುಮಾರು 250 ಕಿ.ಮೀ. ದೂರದಲ್ಲಿ, 1969ರಲ್ಲಿ ಯುರೇನಿಯಂ ಅದಿರು ಪತ್ತೆಯಾಯಿತು. ಕಂಪನಿಯವರು ಆ ಜಾಗಕ್ಕೆ ಇಟ್ಟ ಹೆಸರು ರೇಂಜರ್. ಅದು ಮಿರಾರ್ ಎಂಬ ಮೂಲನಿವಾಸಿಗಳ ನೆಲ. ಪಕ್ಕದಲ್ಲೇ ಅವರು ಪವಿತ್ರವೆಂದು ಭಾವಿಸುವ ಬೆಟ್ಟ. ಮಳೆಗಾಲದಲ್ಲಿ ಉಕ್ಕಿ ಹರಿಯುವ ಮಗೇಲಾ ಹಳ್ಳ.

ಇಲ್ಲಿ ಗಣಿ ಬೇಕೇ ಬೇಡವೇ ಎಂಬುದನ್ನು ಸಾರ್ವಜನಿಕವಾಗಿ ಪರಿಶೀಲಿಸಲು ವಿಟ್ಲಮ್ ಸರ್ಕಾರ 1975ರಲ್ಲಿ ಆಯೋಗವೊಂದನ್ನು ನೇಮಿಸಿತು. ನ್ಯಾಯಮೂರ್ತಿ ರಸೆಲ್ ಫಾಕ್ಸ್ ಅದರ ಅಧ್ಯಕ್ಷರು. ಎಂಜಿನಿಯರ್ ಗ್ರೇಮ್ ಕೆಲೆಹರ್ ಮತ್ತು ವೈದ್ಯಶಾಸ್ತ್ರದ ಪ್ರಾಧ್ಯಾಪಕ ಚಾರ್ಲ್ಸ್ ಕೆರ್ ಸದಸ್ಯರು. ಗಣಿಯ ಪ್ರಸ್ತಾಪದಲ್ಲಿ ಸರ್ಕಾರದ್ದೇ ಆದ ಪರಮಾಣು ಶಕ್ತಿ ಆಯೋಗವೂ ಪಾಲುದಾರನಾಗಿತ್ತು. ತನ್ನದೇ ಪಾಲಿರುವ ಯೋಜನೆಯನ್ನು ಸರ್ಕಾರವೊಂದು ಬಹಿರಂಗ ವಿಚಾರಣೆಗೆ ಒಡ್ಡಿತೆಂಬುದು ಸಣ್ಣ ಸಂಗತಿಯೇನಲ್ಲ. ಭಾರತದಲ್ಲಿ ಇಂಥ ಯೋಜನೆಗಳಿಗೆ ಸಾರ್ವಜನಿಕ ಅಹವಾಲು ಕಡ್ಡಾಯವಾದದ್ದು 1997ರಲ್ಲಿ.

ಅದೇ ವರ್ಷದ ನವೆಂಬರಿನಲ್ಲಿ ವಿಟ್ಲಮ್ ಸರ್ಕಾರ ವಜಾಗೊಂಡರೂ ವಿಚಾರಣೆ ನಿಲ್ಲಲಿಲ್ಲ. ಕಂಪನಿಯವರು, ವಿಜ್ಞಾನಿಗಳು, ಪರಿಸರವಾದಿಗಳು, ಮೂಲನಿವಾಸಿಗಳು ಎಲ್ಲರೂ ಬಂದು ಹೇಳಿಕೆ ಕೊಟ್ಟರು. ಗಣಿಯ ತ್ಯಾಜ್ಯದ ಪ್ರಶ್ನೆ ಅಲ್ಲಿ ಬಹಳ ಮುಖ್ಯವಾಗಿತ್ತು. ಅದಿರನ್ನು ಪುಡಿಮಾಡಿ, ಆಮ್ಲದಲ್ಲಿ ಕರಗಿಸಿ ಯುರೇನಿಯಂ ತೆಗೆದ ಮೇಲೆ ಕೆಸರು ಉಳಿಯುತ್ತದೆ. ಅದಿರಿನ ವಿಕಿರಣದಲ್ಲಿ ಹೆಚ್ಚಿನ ಪಾಲು ಉಳಿಯುವುದು ಈ ಕೆಸರಿನಲ್ಲೇ. ಅದರಲ್ಲಿರುವ ರೇಡಿಯಂ ಸಾವಿರಾರು ವರ್ಷ ರೇಡಾನ್ ಅನಿಲವನ್ನು ಬಿಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ನೆಲವೆಲ್ಲ ನೀರಾಗುವ ಸೀಮೆಯಲ್ಲಿ ಇದನ್ನು ಎಲ್ಲಿಡುವುದು?

1976ರ ಅಕ್ಟೋಬರಿನಲ್ಲಿ ಮೊದಲ ವರದಿ ಹೊರಬಂತು. ಗಣಿಗಾರಿಕೆಯ ಅಪಾಯಗಳನ್ನು ಸರಿಯಾದ ನಿಯಂತ್ರಣದಲ್ಲಿಟ್ಟರೆ, ಅದೊಂದೇ ಕಾರಣಕ್ಕೆ ಯುರೇನಿಯಂ ಬೇಡವೆನ್ನಬೇಕಾಗಿಲ್ಲ ಎಂದಿತು. ಪರಮಾಣು ವಿದ್ಯುತ್ ಉದ್ಯಮವು ತನಗರಿವಿಲ್ಲದೆಯೇ ಅಣುಯುದ್ಧದ ಅಪಾಯವನ್ನು ಹೆಚ್ಚಿಸುತ್ತಿದೆ ಎಂದೂ ಎಚ್ಚರಿಸಿತು. ಗಣಿಯ ಪರ ಇದ್ದವರು ಮೊದಲ ಮಾತನ್ನು ಎತ್ತಿಕೊಂಡರು, ವಿರೋಧಿಗಳು ಎರಡನೆಯದನ್ನು.

ಎರಡು ವರದಿಗಳ ನಡುವೆ, ಡಿಸೆಂಬರಿನಲ್ಲಿ, ಮೂಲನಿವಾಸಿಗಳ ಭೂಹಕ್ಕು ಕಾಯ್ದೆ ಬಂತು. ತಮ್ಮ ನೆಲದಲ್ಲಿ ಗಣಿ ಬೇಡವೆನ್ನುವ ಹಕ್ಕನ್ನು ಅದು ಉತ್ತರ ಪ್ರಾಂತ್ಯದ ಮೂಲನಿವಾಸಿಗಳಿಗೆ ಕೊಟ್ಟಿತು. ಆದರೆ ರೇಂಜರ್ ಮಾತ್ರ ಅದಕ್ಕೆ ಹೊರತು ಎಂಬ ಕಲಮೂ ಅದರಲ್ಲಿತ್ತು. 1977ರ ಮೇ ತಿಂಗಳಲ್ಲಿ ಬಂದ ಎರಡನೆಯ ವರದಿ, ಆ ಸೀಮೆಯ ಮೂಲನಿವಾಸಿಗಳು ಗಣಿಯನ್ನು ವಿರೋಧಿಸುತ್ತಿದ್ದಾರೆ ಎಂದು ನೇರವಾಗಿ ಬರೆಯಿತು. ಆ ವಿರೋಧವೇ ಮೇಲುಗೈಯಾಗಲು ಬಿಡಬಾರದು ಎಂದೂ ಅಷ್ಟೇ ನೇರವಾಗಿ ತೀರ್ಮಾನಿಸಿತು. ನೆಲದ ಒಡೆತನ ಅವರಿಗಿರಲಿ, ಸುತ್ತ ರಾಷ್ಟ್ರೀಯ ಉದ್ಯಾನವಾಗಲಿ, ಗಣಿಗಳು ಒಂದಾದ ಮೇಲೊಂದರಂತೆ ಬರಲಿ ಎಂಬ ಶಿಫಾರಸುಗಳೂ ಇದ್ದವು. ಜನರ ಮನಸ್ಸು ತಿಳಿಯದೆ ಆದ ನಿರ್ಧಾರವಲ್ಲ ಇದು. ಚೆನ್ನಾಗಿ ತಿಳಿದೇ ಆದದ್ದು.

ಆಗಸ್ಟ್‌ನಲ್ಲಿ ಫ್ರೇಸರ್ ಸರ್ಕಾರ ಗಣಿಗೆ ಹಸಿರು ನಿಶಾನೆ ತೋರಿತು. 1978ರ ನವೆಂಬರಿನಲ್ಲಿ ಉತ್ತರ ಭೂಮಂಡಳಿಯ ಅಧ್ಯಕ್ಷ ಗಲರ್ವೂಯ್ ಯುನುಪಿಂಗು ಒಪ್ಪಂದಕ್ಕೆ ಸಹಿ ಹಾಕಿದರು. ಬೇಡವೆನ್ನುವ ಅಧಿಕಾರವೇ ಇಲ್ಲದ ಚೌಕಾಸಿಯಲ್ಲಿ ಉಳಿದಿದ್ದುದು ಷರತ್ತುಗಳ ಮಾತು ಅಷ್ಟೆ. ಮರುವರ್ಷ ಕಕಡು ರಾಷ್ಟ್ರೀಯ ಉದ್ಯಾನ ಘೋಷಣೆಯಾಯಿತು, ಗಣಿಯ ಜಾಗವನ್ನು ಬಿಟ್ಟು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ರೇಂಜರ್‌ನ ಉತ್ತರಕ್ಕಿರುವ ಜಬಿಲುಕಾದಲ್ಲಿ ಎರಡನೆಯ ಗಣಿಗೆ ಸಿದ್ಧತೆ ನಡೆದಾಗ, 1998ರಲ್ಲಿ, ಮಿರಾರ್ ಹಿರಿಯಳು ಇವಾನ್ ಮಾರ್ಗರುಲಾ ಎದ್ದುನಿಂತರು. ರೇಂಜರ್ ವಿರೋಧಿಸಿದ್ದ ಟೋಬಿ ಗಂಗಾಲೆಯ ಮಗಳು ಆಕೆ. ಪ್ರತಿಭಟನಕಾರರು ತಿಂಗಳುಗಟ್ಟಲೆ ಗಣಿಯ ದಾರಿ ತಡೆದರು. ನೂರಾರು ಮಂದಿ ಬಂಧನಕ್ಕೊಳಗಾದರು. ಮಿರಾರ್ ಜನರ ಒಪ್ಪಿಗೆಯಿಲ್ಲದೆ ಜಬಿಲುಕಾದಲ್ಲಿ ಗಣಿ ನಡೆಸುವುದಿಲ್ಲವೆಂಬ ಒಪ್ಪಂದಕ್ಕೆ 2005ರಲ್ಲಿ ಕಂಪನಿ ಸಹಿ ಹಾಕಿತು. 1977ರಲ್ಲಿ ಆ ಜನಕ್ಕೆ ಸಿಗದಿದ್ದುದು ಇದೇ.

ರೇಂಜರ್‌ನಲ್ಲಿ 2013ರ ಡಿಸೆಂಬರಿನಲ್ಲಿ ಆಮ್ಲ ತುಂಬಿದ ತೊಟ್ಟಿಯೊಂದು ಒಡೆದು ಸುಮಾರು ಹತ್ತು ಲಕ್ಷ ಲೀಟರ್ ಅದಿರಿನ ಕೆಸರು ಚೆಲ್ಲಿತು. 2021ರ ಜನವರಿಯಲ್ಲಿ ಉತ್ಪಾದನೆ ನಿಂತಿತು. ಈಗ ಅಲ್ಲಿ ಅಗೆದ ಹೊಂಡಗಳನ್ನು ತುಂಬಿ, ಕೆಸರನ್ನು ಅದರೊಳಗೇ ಹೂಳಿ, ಮೇಲೆ ಗಿಡಮರ ಬೆಳೆಸುವ ಕೆಲಸ ನಡೆದಿದೆ.